‘ಪಾರ್ಡನ್ ಮೈ ಫ್ರೆಂಚ್’ ಅಂದರೆ ಸಾಕಾ?

ಪ್ರಶ್ನೆ: ನಾನು ಚಿಕ್ಕಮಗಳೂರು ಕಡೆಯವಳು. ಎಂಟು ತಿಂಗಳಿಂದ ಇಂಗ್ಲೆಂಡಿನಲ್ಲಿ, ಲೆಸ್ಟರ್ ಹತ್ತಿರದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ. ಇಲ್ಲಿ ಜೊತೆಯವರು ಏನಾದರೂ ಕೆಟ್ಟ ಪದ ಆಡಿ, ಹಿಂದೆಯೇ ‘ಪಾರ್ಡನ್ ಮೈ ಫ್ರೆಂಚ್’, ಅಂದರೆ ‘ನನ್ನ ಫ್ರೆಂಚನ್ನು ಕ್ಷಮಿಸಿ’ ಅನ್ನುತ್ತಾರೆ. ಆಡಿದ್ದು ಇಂಗ್ಲಿಷ್ ಪದ, ಅದರಲ್ಲಿ ಫ್ರೆಂಚ್ ಎಲ್ಲಿಂದ ಬಂತು? ಕಳೆದ ವಾರ ಔಷಧಿ ಟ್ರಾಲಿಯ ಚಕ್ರ ನನ್ನ ಕಾಲಿನ ಮೇಲೆ ಹತ್ತಿತು. ಬಾಯಿಂದ ‘ಓ ಶಿಟ್’ ಅಂತ ಬಂದುಬಿಟ್ಟಿತು. ಪಕ್ಕದ ಹಾಸಿಗೆಯಲ್ಲಿದ್ದ ವಯಸ್ಸಾದ ಅಜ್ಜಿಯೊಬ್ಬರು ‘ಲ್ಯಾಂಗ್ವೇಜ್!’ ಅಂದರು. ನನ್ನ ಇಂಗ್ಲಿಷ್ ಸರಿಯಿಲ್ಲ ಅನ್ನುತ್ತಿದ್ದಾರೆ ಅಂದುಕೊಂಡೆ. ಗಾಬರಿಯಲ್ಲಿ ಐದಾರು ಸಲ ಸಾರಿ ಕೇಳಿದೆ. ಅವರ ಮುಖ ಇನ್ನೂ ಬಿಗಿಯಾಯಿತು. ರಾತ್ರಿ ರೂಮಿಗೆ ಬಂದು ಅತ್ತುಬಿಟ್ಟೆ. ಹೇಗೆ ಕೇಳಬೇಕಿತ್ತು? ಇನ್ನೊಂದು ವಿಷಯ. ಹೋದ ತಿಂಗಳು ಕೆಲಸದ ಗಡಿಬಿಡಿಯಲ್ಲಿ ಜೊತೆಯವನೊಬ್ಬ ನನಗೇ ಎಫ್ ಪದ ಸೇರಿಸಿ ‘ದಡ್ಡಿ’ ಅಂದ. ಆಮೇಲೆ ನಗುತ್ತಾ ಅದೇ ‘ಪಾರ್ಡನ್ ಮೈ ಫ್ರೆಂಚ್’ ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅದು ಇನ್ನೂ ಚುಚ್ಚುತ್ತಿದೆ. ನಾನೇ ಜಾಸ್ತಿ ಯೋಚನೆ ಮಾಡುತ್ತಿದ್ದೇನಾ?

ಉತ್ತರ: ಮೊದಲು ಆ ಅಜ್ಜಿಯ ವಿಷಯ ಹೇಳಿಬಿಡುತ್ತೇನೆ, ನಿಮ್ಮ ಮನಸ್ಸು ಸ್ವಲ್ಪ ಹಗುರವಾಗಲಿ. ಅವರು ನಿಮ್ಮ ಇಂಗ್ಲಿಷಿನ ಬಗ್ಗೆ ಏನೂ ಹೇಳಲಿಲ್ಲ. ಬ್ರಿಟನ್ನಿನಲ್ಲಿ ‘ಲ್ಯಾಂಗ್ವೇಜ್!’ ಅಂತ ಒಂದೇ ಪದವನ್ನು ಹುಬ್ಬೇರಿಸಿ ಹೇಳಿದರೆ ಅದು ಗದರಿಕೆ. ‘ಮೈಂಡ್ ಯುವರ್ ಲ್ಯಾಂಗ್ವೇಜ್’ ಅನ್ನುವ ಇಡೀ ಮಾತಿನ ಕೆಲಸವನ್ನು ಆ ಒಂದು ಪದ ಮಾಡುತ್ತದೆ. ನಮ್ಮ ಮನೆಗಳಲ್ಲಿ ಮಕ್ಕಳ ಬಾಯಲ್ಲಿ ಕೆಟ್ಟ ಮಾತು ಬಂದರೆ ಅಜ್ಜಿ ‘ಏನೇ ಅದು ಮಾತು?’ ಅನ್ನುತ್ತಾರಲ್ಲ, ಅದೇ ಇದು. ಅಮ್ಮ ಮಗನಿಗೆ, ಟೀಚರ್ ಹುಡುಗರಿಗೆ, ಹೆಂಡತಿ ಗಂಡನಿಗೆ ಹೇಳುವ ಮಾತು. ನಿಮ್ಮ ಉಚ್ಚಾರ, ನಿಮ್ಮ ಊರು, ನಿಮ್ಮ ಬಣ್ಣ ಯಾವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಹೊರಗಿನಿಂದ ಬಂದ ನರ್ಸ್‌ಗೆ ಹೇಳಿದ ಮಾತಿಗಿಂತ ಮೊಮ್ಮಗಳಿಗೆ ಹೇಳಿದ ಮಾತಿಗೆ ಅದು ಹತ್ತಿರ. ಆ ರಾತ್ರಿ ನೀವು ಅತ್ತಿದ್ದು ಓದಿ ನನಗೆ ಸಂಕಟವಾಯಿತು.

ಹೊರದೇಶಕ್ಕೆ ಹೋಗುವ ನರ್ಸ್‌ಗಳಿಗೆ ನಾನು ತುಂಬಾ ವರ್ಷದಿಂದ ಇಂಗ್ಲಿಷ್ ಕಲಿಸುತ್ತಾ ಬಂದಿದ್ದೇನೆ. ಐಇಎಲ್‌ಟಿಎಸ್ ಆಗಲಿ, ಒಇಟಿ ಆಗಲಿ, ಪರೀಕ್ಷೆಗೆ ಬೇಕಾದ್ದನ್ನೆಲ್ಲ ಹೇಳಿಕೊಡುತ್ತೇವೆ. ರೋಗಿಗೆ ಧೈರ್ಯ ಹೇಳುವುದು, ಡಾಕ್ಟರಿಗೆ ಪತ್ರ ಬರೆಯುವುದು ಎಲ್ಲ ಬರುತ್ತದೆ. ಕಾಲಿನ ಮೇಲೆ ಟ್ರಾಲಿ ಹತ್ತಿದಾಗ ಬಾಯಿಗೆ ಏನು ಬರುತ್ತದೆ, ಬಂದ ಮೇಲೆ ಏನು ಮಾಡಬೇಕು ಅನ್ನುವುದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಕಲಿಸಬೇಕು ಅಂತ ನನಗೆ ಈಚೆಗೆ ಬಲವಾಗಿ ಅನ್ನಿಸುತ್ತಿದೆ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದ.

ನೀವು ಸಾರಿ ಕೇಳಿದ್ದು ಸರಿ. ಐದಾರು ಸಲ ಕೇಳಿದ್ದು ಜಾಸ್ತಿಯಾಯಿತು. ನಮ್ಮಲ್ಲಿ ಹಿರಿಯರ ಮುಂದೆ ತಪ್ಪಾದರೆ ‘ತಪ್ಪಾಯ್ತು ಅಜ್ಜಿ, ಬೇಜಾರು ಮಾಡ್ಕೋಬೇಡಿ, ಗೊತ್ತಿಲ್ಲದೆ ಬಂದುಬಿಡ್ತು’ ಅಂತ ಸುತ್ತಿ ಸುತ್ತಿ ಹೇಳುತ್ತೇವೆ. ಹೇಳಿದಷ್ಟೂ ಅವರ ಮನಸ್ಸು ಕರಗುತ್ತದೆ. ಇಂಗ್ಲಿಷ್ ಜನ ಇದನ್ನು ಬೇರೆ ಥರ ಕೇಳಿಸಿಕೊಳ್ಳುತ್ತಾರೆ. ಸಣ್ಣ ತಪ್ಪಿಗೆ ಎರಡನೇ, ಮೂರನೇ ಸಾರಿ ಬಂತು ಅಂದರೆ ‘ಹೋಗಲಿ ಬಿಡಮ್ಮ, ಪರವಾಗಿಲ್ಲ’ ಅಂತ ನಿಮ್ಮನ್ನು ಸಮಾಧಾನ ಮಾಡುವ ಕೆಲಸ ಅವರ ಮೇಲೆ ಬೀಳುತ್ತದೆ. ಕಾಯಿಲೆ ಬಿದ್ದು ಮಲಗಿದ ಮುದುಕಿಗೆ ಅದು ಕಷ್ಟ. ಅವರ ಮುಖ ಬಿಗಿಯಾದದ್ದು ಇದಕ್ಕೇ ಇರಬಹುದು. ಒಂದು ಸಲ, ಅವರ ಕಡೆ ತಿರುಗಿ, ಕಣ್ಣು ನೋಡಿ ಹೇಳಿದ್ದರೆ ಸಾಕಿತ್ತು: ‘ಸಾರಿ, ದಟ್ ಸ್ಲಿಪ್ಡ್ ಔಟ್.’ ನಮ್ಮ ‘ಬಾಯಿ ತಪ್ಪಿ ಬಂತು’ ಅನ್ನುವುದಕ್ಕೆ ಅಷ್ಟು ಹತ್ತಿರದ ಇಂಗ್ಲಿಷ್ ಮಾತು ಇನ್ನೊಂದಿಲ್ಲ. ಹೇಳಿ, ಟ್ರಾಲಿ ತಳ್ಳಿಕೊಂಡು ಮುಂದೆ ಹೋಗಬೇಕು.

ಈಗ ಫ್ರೆಂಚ್ ವಿಷಯ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ದೊರೆ ಇಂಗ್ಲೆಂಡನ್ನು ಗೆದ್ದ. ಅಲ್ಲಿಂದ ಸುಮಾರು 300 ವರ್ಷ ಅರಮನೆಯಲ್ಲಿ, ಕೋರ್ಟಿನಲ್ಲಿ ಫ್ರೆಂಚಿನದೇ ದರ್ಬಾರು. ಕೋರ್ಟಿನಲ್ಲಿ ಇಂಗ್ಲಿಷಿನಲ್ಲೇ ವಾದ ಮಾಡಬೇಕು ಅಂತ ಕಾನೂನು ಬಂದದ್ದು 1362ರಲ್ಲಿ. ಹೀಗಾಗಿ ಇಂಗ್ಲಿಷಿನಲ್ಲಿ ಮರ್ಯಾದೆಯ ಪದಗಳು ಅಂತ ಏನಿವೆಯೋ ಅವುಗಳಲ್ಲಿ ಎಷ್ಟೋ ಫ್ರೆಂಚಿನಿಂದ ಬಂದವು. ‘ಪಾರ್ಡನ್’ ಫ್ರೆಂಚಿನದು, ‘ಎಕ್ಸ್‌ಕ್ಯೂಸ್’ ಫ್ರೆಂಚಿನದು, ಅಜ್ಜಿ ಗದರಿದ ‘ಲ್ಯಾಂಗ್ವೇಜ್’ ಕೂಡ ಫ್ರೆಂಚಿನದೇ. ‘ಸಾರಿ’ ಮಾತ್ರ ಅಚ್ಚ ಇಂಗ್ಲಿಷ್ ಪದ. ನೋವು, ಹುಣ್ಣು ಅನ್ನುವ ಅರ್ಥದ ‘ಸೋರ್’ ಅದರ ಒಡಹುಟ್ಟು. ‘ನನಗೆ ನೋವಾಗಿದೆ’ ಅನ್ನುವುದು ಅದರ ಹಳೆಯ ಅರ್ಥ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

19ನೇ ಶತಮಾನದಲ್ಲಿ ಇಂಗ್ಲೆಂಡಿನ ಓದಿದ ಜನ ಮಾತಿನ ನಡುವೆ ಒಂದೊಂದು ಫ್ರೆಂಚ್ ಪದ ಸೇರಿಸುತ್ತಿದ್ದರು. ಎದುರಿಗಿದ್ದವರಿಗೆ ಅದು ಅರ್ಥವಾಗದೇ ಇರಬಹುದು, ಜಂಬ ಅಂತಲೂ ಅನ್ನಿಸಬಹುದು. ಅದಕ್ಕೆ ‘ಎಕ್ಸ್‌ಕ್ಯೂಸ್ ಮೈ ಫ್ರೆಂಚ್’ ಅನ್ನುತ್ತಿದ್ದರು. 1831ರಲ್ಲಿ ಅಚ್ಚಾದ ಒಂದು ಕಥೆಯಲ್ಲಿ ಒಬ್ಬರು ದಪ್ಪಗಾಗಿದ್ದಾರೆ ಅಂತ ಹೇಳಲು ಫ್ರೆಂಚ್ ಪದ ಬಳಸಿ, ಪಕ್ಕದಲ್ಲೇ ಈ ಮಾತು ಸೇರಿಸಿದ್ದಾರೆ. ಅಲ್ಲಿ ಬೈಗುಳ ಇಲ್ಲ, ಆಡಿದ್ದು ನಿಜವಾದ ಫ್ರೆಂಚ್. ಆಮೇಲೆ ಮಾತು ಹೊರಳಿತು. ಇಂಗ್ಲಿಷಿನ ಕೆಟ್ಟ ಪದವನ್ನೇ ಆಡಿ, ‘ಅಯ್ಯೋ, ಅದು ಫ್ರೆಂಚ್ ಪದ, ನಿಮಗೆ ಗೊತ್ತಿಲ್ಲ ಬಿಡಿ’ ಅನ್ನುವ ಹಾಗೆ ನಟಿಸತೊಡಗಿದರು. ಬೇಡದ್ದನ್ನೆಲ್ಲ ಫ್ರೆಂಚರ ತಲೆಗೆ ಕಟ್ಟುವುದು ಇಂಗ್ಲಿಷರ ಹಳೆಯ ಚಾಳಿ. ಹೇಳದೆ ಕೇಳದೆ ಎದ್ದು ಹೋಗುವುದಕ್ಕೆ ಅವರು ‘ಫ್ರೆಂಚ್ ಲೀವ್’ ಅನ್ನುತ್ತಾರೆ. ಫ್ರೆಂಚರು ಅದನ್ನೇ ‘ಇಂಗ್ಲಿಷರ ಥರ ಜಾರಿಕೊಳ್ಳುವುದು’ ಅನ್ನುತ್ತಾರೆ.

‘ಪಾರ್ಡನ್ ಮೈ ಫ್ರೆಂಚ್’ ಅಂದಾಗ ನಿಜವಾಗಿ ಏನು ಆಗುತ್ತದೆ ಅಂತ ಸ್ವಲ್ಪ ಗಮನಿಸಿ. ಹೇಳಿದವರು ‘ನಾನು ತಪ್ಪು ಮಾಡಿದೆ’ ಅನ್ನುವುದಿಲ್ಲ. ‘ಅದು ನಿಮಗೆ ಕೇಳಿಸಲೇ ಇಲ್ಲ ಅಂತ ಇಬ್ಬರೂ ಅಂದುಕೊಳ್ಳೋಣ, ಆಯ್ತಾ?’ ಅಂತ ಒಂದು ಸಣ್ಣ ಆಟಕ್ಕೆ ಕರೆಯುತ್ತಾರೆ. ಎದುರಿನವರು ನಕ್ಕು ಒಪ್ಪಿದರೆ ಆಟ ನಡೆಯುತ್ತದೆ. ಅವರಿಗೆ ನಿಜವಾಗಿ ಬೇಸರವಾಗಿದ್ದರೆ ಆಟ ಇಲ್ಲ. ಹಾಗಾಗಿ ಆ ಅಜ್ಜಿ ‘ಲ್ಯಾಂಗ್ವೇಜ್!’ ಅಂದ ಮೇಲೆ ನೀವು ಈ ಮಾತು ಹೇಳಿದ್ದರೆ ಇನ್ನೂ ಕೆಡುತ್ತಿತ್ತು. ಹೇಳದೇ ಇದ್ದದ್ದು ಒಳ್ಳೆಯದಾಯಿತು. ಇದು ಸ್ವಲ್ಪ ಹಳೆಯ ಕಾಲದ ಮಾತು ಕೂಡ. ಐವತ್ತು ದಾಟಿದವರ ಬಾಯಲ್ಲಿ ಚೆನ್ನಾಗಿ ಕೂರುತ್ತದೆ. ಹೊಸದಾಗಿ ಬಂದ ನಾವು ಹೇಳಿದರೆ ಎಲ್ಲೋ ಬಾಯಿಪಾಠ ಮಾಡಿದ ಹಾಗೆ ಕೇಳುತ್ತದೆ. ಜೊತೆಯಲ್ಲಿ ನಿಜವಾದ ಫ್ರೆಂಚ್ ಸಹೋದ್ಯೋಗಿ ಇದ್ದರಂತೂ ಬೇಡವೇ ಬೇಡ. ಅದರ ಬದಲು ‘ಎಕ್ಸ್‌ಕ್ಯೂಸ್ ಮೈ ಲ್ಯಾಂಗ್ವೇಜ್’ ಅನ್ನಿ. ಎಲ್ಲ ವಯಸ್ಸಿನವರಿಗೂ, ಎಲ್ಲ ಕಡೆಯೂ ನಡೆಯುತ್ತದೆ.

ಒಂದು ಎಚ್ಚರಿಕೆ. ಬರೀ ‘ಎಕ್ಸ್‌ಕ್ಯೂಸ್ ಮಿ’ ಅಂದರೆ ಸಾಲದು. ಬ್ರಿಟನ್ನಿನಲ್ಲಿ ಅದು ಹೆಚ್ಚಾಗಿ ದಾರಿ ಕೇಳುವುದಕ್ಕೆ, ಸೀನು ಬಂದಾಗ, ಯಾರನ್ನಾದರೂ ಕರೆಯುವುದಕ್ಕೆ. ಸ್ವರ ಏರಿಸಿ ಅಂದರೆ ‘ಏನಂದಿರಿ?’ ಅನ್ನುವ ಜಗಳದ ಮಾತೂ ಆಗುತ್ತದೆ.

ಇಂಗ್ಲಿಷ್ ಬೈಗುಳದ ಬೇರು ತಿಳಿದರೆ ಅಜ್ಜಿಯಂಥವರ ಮನಸ್ಸು ಚೆನ್ನಾಗಿ ಅರ್ಥವಾಗುತ್ತದೆ. ‘ಸ್ವೇರ್’ ಅನ್ನುವ ಒಂದೇ ಪದಕ್ಕೆ ಆಣೆ ಇಡುವುದು, ಕೆಟ್ಟ ಮಾತಾಡುವುದು ಎರಡೂ ಅರ್ಥ ಇದೆ. ಕನ್ನಡದಲ್ಲಿ ಆಣೆ ಬೇರೆ, ಬೈಗುಳ ಬೇರೆ. ಅಲ್ಲಿ ಎರಡೂ ಒಂದೇ ಆದದ್ದು ಯಾಕೆ? ಹಳೆಯ ಕಾಲದ ಇಂಗ್ಲಿಷ್ ಬೈಗುಳಗಳು ಹೆಚ್ಚಾಗಿ ದೇವರ ಮೇಲಿನ ಆಣೆಗಳೇ ಆಗಿದ್ದವು. ದೇವರ ಹೆಸರನ್ನು ಸುಮ್ಮಸುಮ್ಮನೆ ಎತ್ತಬೇಡ ಅನ್ನುವುದು ಬೈಬಲ್ಲಿನ ಹತ್ತು ಆಜ್ಞೆಗಳಲ್ಲಿ ಒಂದು. 1606ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಕಾನೂನು ಬಂತು. ನಾಟಕದಲ್ಲಿ ದೇವರ ಹೆಸರನ್ನು ತಮಾಷೆಗೆ ಎತ್ತಿದರೆ 10 ಪೌಂಡ್ ದಂಡ. ಆ ಕಾಲಕ್ಕೆ ಅದು ದೊಡ್ಡ ಹಣ. 1745ರ ಇನ್ನೊಂದು ಕಾನೂನು ಇನ್ನೂ ವಿಚಿತ್ರ. ಆಣೆ ಹಾಕಿ ಬೈದರೆ ಕೂಲಿಯವರಿಗೆ, ಸಿಪಾಯಿಗಳಿಗೆ 1 ಶಿಲ್ಲಿಂಗ್ ದಂಡ, ಅವರಿಗಿಂತ ಮೇಲಿನವರಿಗೆ 2, ದೊಡ್ಡ ಮನುಷ್ಯರಿಗೆ 5. ಎರಡನೇ ಸಲಕ್ಕೆ ಎರಡರಷ್ಟು. ಆ ಕಾನೂನು ಪುಸ್ತಕದಿಂದ ಹೋದದ್ದು 1967ರಲ್ಲಿ. ನಿಮ್ಮ ವಾರ್ಡಿನ ಹಿರಿಯರು ಹುಟ್ಟಿ ಬೆಳೆದ ಕಾಲದಲ್ಲಿ ಅದು ಇನ್ನೂ ಇತ್ತು.

ದೇವರ ಹೆಸರು ಎತ್ತುವ ಹಾಗಿಲ್ಲ ಅಂದಾಗ ಜನ ಪದವನ್ನು ಚೂರು ತಿರುಚಿದರು. ‘ಗಾಡ್’ ಹೋಗಿ ‘ಗಾಶ್’, ‘ಗಾಲಿ’ ಆಯಿತು. ‘ಡ್ಯಾಮ್’ ಹೋಗಿ ‘ಡಾರ್ನ್’. ‘ಹೆಲ್’ ಹೋಗಿ ‘ಹೆಕ್’. ಲಂಡನ್ನಿನವರ ‘ಬ್ಲೈಮಿ’ ಅನ್ನುವುದು ‘ದೇವರು ನನ್ನನ್ನು ಕುರುಡು ಮಾಡಲಿ’ ಅನ್ನುವ ಆಣೆ ಮುರಿದು ಬಂದದ್ದು. ‘ಶಿಟ್’ ಅನ್ನಲು ಹೊರಟ ಬಾಯಿ ನಡುವೆ ತಿರುಗಿ ‘ಶುಗರ್’ ಅನ್ನುತ್ತದೆ, ‘ಶೂಟ್’ ಅನ್ನುತ್ತದೆ. ನಮ್ಮಲ್ಲೂ ಇದೆ ನೋಡಿ. ಬಾಯಿಗೆ ಬಂದದ್ದನ್ನು ನುಂಗಿ ‘ನಿನ್ನಜ್ಜಿ’ ಅಂತ ಅಲ್ಲಿಗೇ ನಿಲ್ಲಿಸುತ್ತೇವೆ. ‘ಥತ್ ತೇರಿಕೆ’ ಅನ್ನುತ್ತೇವೆ. ‘ಕರ್ಮ’ ಅನ್ನುತ್ತೇವೆ. ನೀವು ಹೊಸದಾಗಿ ಕಲಿಯಬೇಕಾದ್ದು ಏನಾದರೂ ಇದ್ದರೆ ಇದು. ‘ಊಪ್ಸ್’, ‘ಔಚ್’, ‘ಓ ಶುಗರ್’ ಇವುಗಳನ್ನು ರೂಮಿನಲ್ಲಿ ಒಬ್ಬರೇ ಇದ್ದಾಗ, ಪಾತ್ರೆ ತೊಳೆಯುವಾಗ, ಕೀಲಿಕೈ ಕಾಣದಾಗ ಹೇಳಿ ರೂಢಿ ಮಾಡಿಕೊಳ್ಳಿ. ಗಾಬರಿಯಲ್ಲಿ ಬಾಯಿಗೆ ಬರುವುದು ರೂಢಿಯ ಮಾತೇ. ‘ಅಯ್ಯೋ ಶಿವನೇ’ ಅಂತ ಕನ್ನಡದಲ್ಲೇ ಬಂದರೆ ಇನ್ನೂ ಚೆಂದ, ಯಾರಿಗೂ ಬೇಸರವಿಲ್ಲ.

ಇಲ್ಲಿ ಇನ್ನೊಂದು ಮಾತು. ‘ಓ ಮೈ ಗಾಡ್’, ‘ಜೀಸಸ್’ ಅಂತ ನಾವು ಏನೂ ಅನ್ನಿಸದೆ ಅಂದುಬಿಡುತ್ತೇವೆ. ಆಗಾಗ ಚರ್ಚಿಗೆ ಹೋಗುವ ಹಿರಿಯ ರೋಗಿಗೆ ನಿಮ್ಮ ‘ಶಿಟ್’ಗಿಂತ ಅದು ಜಾಸ್ತಿ ನೋಯಿಸಬಹುದು. ಅವರ ಮುಂದೆ ‘ಓ ಮೈ ಗುಡ್‌ನೆಸ್’ ಅನ್ನಿ.

ನಮ್ಮವರು ಎಡವುವುದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಮಾತ್ರ ಬೇರೆ. ಇಂಗ್ಲಿಷ್ ಬೈಗುಳದ ತೂಕ ನಮ್ಮ ಮೈಗೆ ಗೊತ್ತಾಗುವುದಿಲ್ಲ. ಕನ್ನಡದ ಒಂದು ಕೆಟ್ಟ ಪದವನ್ನು ಈಗ ಮನಸ್ಸಿನಲ್ಲೇ ಹೇಳಿಕೊಳ್ಳಿ, ಅಮ್ಮನ ಎದುರು ಹೇಳಿದ ಹಾಗೆ. ಮೈ ಜುಂ ಅನ್ನುತ್ತದೆ ಅಲ್ವಾ? ಎಫ್ ಪದ ಹೇಳಿಕೊಳ್ಳಿ. ಏನೂ ಆಗುವುದಿಲ್ಲ. ಬಾಸ್ಟನ್ ವಿಶ್ವವಿದ್ಯಾಲಯದ ಕ್ಯಾಥರೀನ್ ಹ್ಯಾರಿಸ್ ಮತ್ತು ಜೊತೆಯವರು ಇದನ್ನು ಅಳೆದು ನೋಡಿದ್ದಾರೆ. 2003ರಲ್ಲಿ ಅವರ ಅಧ್ಯಯನ ಬಂತು. ಟರ್ಕಿಶ್ ತಾಯಿನುಡಿಯ, ಆಮೇಲೆ ಇಂಗ್ಲಿಷ್ ಕಲಿತ ಜನರಿಗೆ ಎರಡೂ ಭಾಷೆಯ ಪದಗಳನ್ನು ಕೇಳಿಸಿ, ಓದಿಸಿ, ಬೆರಳ ತುದಿಯ ಬೆವರನ್ನು ಅಳೆದರು. ಕೆಟ್ಟ ಪದಗಳಿಗೂ, ಚಿಕ್ಕಂದಿನಲ್ಲಿ ಕೇಳಿದ ಗದರಿಕೆಗಳಿಗೂ ತಾಯಿನುಡಿಯಲ್ಲಿ ಮೈ ಜಾಸ್ತಿ ಕಂಪಿಸಿತು. ಬೈಗುಳದ ಭಯ ನಮಗೆ ಸೇರುವುದು ಅಮ್ಮನ ಏಟಿನ ಜೊತೆ, ಅಜ್ಜಿಯ ಕಣ್ಣಿನ ಜೊತೆ. ಇಂಗ್ಲಿಷ್ ಬೈಗುಳಕ್ಕೆ ನಮಗೆ ಯಾರೂ ಹೊಡೆಯಲಿಲ್ಲ. ಸಿನಿಮಾದಿಂದ, ಕಾಲೇಜಿನಿಂದ, ಬೆಂಗಳೂರಿನ ಆಫೀಸುಗಳಿಂದ ಹಗುರವಾಗಿ ಬಂದು ಸೇರಿಕೊಂಡಿತು. ಅಮ್ಮನ ಮುಂದೆ ಒಂದು ಕನ್ನಡದ ಬೈಗುಳ ಆಡದ ಹುಡುಗಿಯರು ‘ಶಿಟ್ ಯಾರ್’ ಅಂತ ಊಟದ ಮುಂದೆ ಕೂತು ಹೇಳುವುದನ್ನು ಎಷ್ಟು ಸಲ ಕೇಳಿದ್ದೇನೆ. ಅವರಿಗೆ ಆ ಪದದ ಅರ್ಥ ಗೊತ್ತು, ವಾಸನೆ ಗೊತ್ತಿಲ್ಲ.

ಅದಕ್ಕೇ ಕ್ಷಮೆ ಕೇಳುವ ಮೊದಲು ಆ ಪದ ಅವರ ಕಿವಿಗೆ ಹೇಗೆ ಬಿತ್ತು ಅಂತ ಊಹಿಸಿ. ನಿಮ್ಮ ಕಿವಿಯನ್ನು ನಂಬಬೇಡಿ. ಆ ಅಜ್ಜಿಗೆ ‘ಶಿಟ್’ ಅನ್ನುವುದು, ಹಾಸಿಗೆಯ ಪಕ್ಕ ಅಚ್ಚ ಕನ್ನಡದಲ್ಲಿ ಆ ಪದ ಹೇಳಿದರೆ ನಿಮ್ಮ ಅಜ್ಜಿಗೆ ಹೇಗೆ ಕೇಳುತ್ತಿತ್ತೋ ಸುಮಾರು ಹಾಗೇ ಕೇಳಿರಬಹುದು.

ತೂಕ ಊರಿಂದ ಊರಿಗೂ ಬದಲಾಗುತ್ತದೆ, ಕಾಲದಿಂದ ಕಾಲಕ್ಕೂ. ‘ಬ್ಲಡಿ’ ಪದವನ್ನೇ ನೋಡಿ. 1914ರ ಏಪ್ರಿಲ್ 11ರಂದು ಲಂಡನ್ನಿನಲ್ಲಿ ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕ ಶುರುವಾಯಿತು. ಬೀದಿಯಲ್ಲಿ ಹೂ ಮಾರುವ ಹುಡುಗಿಗೆ ದೊಡ್ಡ ಮನೆಯವರ ಉಚ್ಚಾರ ಕಲಿಸಿ, ಟೀ ಕುಡಿಯುವ ಕೂಟಕ್ಕೆ ಕರೆದುಕೊಂಡು ಹೋಗುತ್ತಾರೆ. ಉಚ್ಚಾರದಲ್ಲಿ ಒಂದು ಕೊರತೆ ಇಲ್ಲ. ಹೊರಡುವಾಗ ಮಾತ್ರ ‘ಖಂಡಿತ ಇಲ್ಲ’ ಅನ್ನುವುದಕ್ಕೆ ‘ನಾಟ್ ಬ್ಲಡಿ ಲೈಕ್ಲಿ’ ಅಂದುಬಿಡುತ್ತಾಳೆ. ಆ ಒಂದು ಪದಕ್ಕೆ ಲಂಡನ್ನಿನಲ್ಲಿ ದೊಡ್ಡ ಗುಲ್ಲೆದ್ದಿತು. ಸ್ವಲ್ಪ ಕಾಲ ಜನ ‘ಬ್ಲಡಿ’ ಬದಲು ‘ಪಿಗ್ಮೇಲಿಯನ್’ ಅಂತಲೇ ಹೇಳುತ್ತಿದ್ದರು. 2006ಕ್ಕೆ ಬನ್ನಿ. ಆಸ್ಟ್ರೇಲಿಯಾ ಪ್ರವಾಸಿಗರನ್ನು ಕರೆಯಲು ‘ವೇರ್ ದ ಬ್ಲಡಿ ಹೆಲ್ ಆರ್ ಯು?’ ಅಂತ ಜಾಹೀರಾತು ಮಾಡಿತು. ಅವರ ಮಟ್ಟಿಗೆ ಅದು ‘ಎಲ್ಲಿದ್ದೀಯೋ ಮಾರಾಯ, ಬಾರೋ’ ಅನ್ನುವ ಪ್ರೀತಿ. ಬ್ರಿಟನ್ನಿನ ಟೀವಿಯಲ್ಲಿ ಮೊದಲು ಅದನ್ನು ಬಿಡಲಿಲ್ಲ, ಆಮೇಲೆ ಬಿಟ್ಟರು. ಈಗ ಬ್ರಿಟನ್ನಿನಲ್ಲೂ ಅದು ಹಗುರವಾದ ಪದ. ಭಾರತದಲ್ಲಿ ಮೇಲಧಿಕಾರಿ ಕಣ್ಣು ಕೆಂಪಗೆ ಮಾಡಿ ‘ಬ್ಲಡಿ ಫೂಲ್’ ಅಂದರೆ ಇಂದಿಗೂ ಭಾರ. ಇದರಲ್ಲಿ ಆಶ್ಚರ್ಯ ಏನಿಲ್ಲ. ಧಾರವಾಡದಲ್ಲಿ ಗೆಳೆಯರು ಹೆಗಲ ಮೇಲೆ ಕೈ ಹಾಕಿ ‘ಭಾಡ್ಯಾ’ ಅನ್ನುವುದನ್ನು ಮೈಸೂರಿನವರು ಕೇಳಿದರೆ ಬೆಚ್ಚುತ್ತಾರೆ. ಹಳೇ ಮೈಸೂರಿನ ಅಜ್ಜಿ ಮೊಮ್ಮಗನನ್ನು ‘ಮುಂಡೇದೇ’ ಅಂತ ಮುದ್ದಾಡಿದರೆ ಬೇರೆ ಕಡೆಯವರಿಗೆ ದಿಗಿಲು.

ಜಾತಿ, ಜನಾಂಗ, ಬಣ್ಣ, ಅಂಗವಿಕಲತೆ ಹಿಡಿದು ಆಡುವ ಪದಗಳು ಈ ಲೆಕ್ಕಕ್ಕೇ ಬರುವುದಿಲ್ಲ. ಇವತ್ತಿನ ಇಂಗ್ಲಿಷಿನಲ್ಲಿ ಅವೇ ಎಲ್ಲಕ್ಕಿಂತ ಭಾರ. ಅವಕ್ಕೆ ‘ಎಕ್ಸ್‌ಕ್ಯೂಸ್ ಮೈ ಲ್ಯಾಂಗ್ವೇಜ್’ ಅಂದು ಪಾರಾಗಲು ಆಗುವುದಿಲ್ಲ, ಆಗಲೂಬಾರದು.

ಕ್ಷಮೆ ಕೇಳುವ ಅಳತೆ ಕಲಿಯಲು ಸುಲಭದ ದಾರಿ ಅಲ್ಲಿನ ಟೀವಿ. ಬ್ರಿಟನ್ನಿನಲ್ಲಿ ರಾತ್ರಿ 9 ಗಂಟೆಗೆ ಮುಂಚೆ ಟೀವಿಯಲ್ಲಿ ಕೆಟ್ಟ ಮಾತಿಗೆ ಬಿಗಿ ನಿಯಮ ಇದೆ, ಮಕ್ಕಳು ನೋಡುತ್ತಿರುತ್ತಾರೆ ಅಂತ. ಫುಟ್‌ಬಾಲ್ ಆಟ ನೇರವಾಗಿ ಬರುವಾಗ ಆಟಗಾರನೊಬ್ಬ ಮೈಕಿಗೆ ಕೇಳುವ ಹಾಗೆ ಬೈದರೆ, ಆಟದ ವಿವರಣೆ ಹೇಳುವವರು ಕೂಡಲೇ ‘ಅಪಾಲಜೀಸ್ ಫಾರ್ ಎನಿ ಬ್ಯಾಡ್ ಲ್ಯಾಂಗ್ವೇಜ್ ಯು ಮೇ ಹ್ಯಾವ್ ಹರ್ಡ್’ ಅನ್ನುತ್ತಾರೆ. ಹೇಳಿ ಮತ್ತೆ ಆಟಕ್ಕೆ ಹೋಗುತ್ತಾರೆ. ಅದನ್ನು ಕಿವಿಗೊಟ್ಟು ಕೇಳಿ. ಆಡಿದ ಪದವನ್ನು ಅವರು ಮತ್ತೆ ಆಡುವುದಿಲ್ಲ. ಯಾಕೆ ಆಯಿತು ಅಂತ ಕಥೆ ಹೇಳುವುದಿಲ್ಲ. ಎರಡನೇ ಸಲ ಕೇಳುವುದಿಲ್ಲ. ನನ್ನ ವಿದ್ಯಾರ್ಥಿಗಳು ‘ಐ ಆಮ್ ಸಾರಿ ಐ ಸೆಡ್ ಶಿಟ್’ ಅಂತ ಪದವನ್ನು ಇನ್ನೊಮ್ಮೆ ಹೇಳಿ ಕ್ಷಮೆ ಕೇಳುವುದನ್ನು ಕಂಡಿದ್ದೇನೆ. ಪಾಪ, ಸ್ಪಷ್ಟವಾಗಿರಲಿ ಅಂತ ಅವರ ಆಸೆ. ಕೇಳುವವರಿಗೆ ಅದು ಎರಡನೇ ಏಟು. ‘ಐ ಆಮ್ ಎಕ್ಸ್‌ಟ್ರೀಮ್ಲಿ ಸಾರಿ ಫಾರ್ ದ ಇನ್‌ಕನ್ವೀನಿಯೆನ್ಸ್’ ಅನ್ನುವುದೂ ಬೇಡ, ಅದು ರೈಲು ತಡವಾದಾಗ ಹೇಳುವ ಮಾತು. ‘ಐ ಆಮ್ ಸಾರಿ ಇಫ್ ಯು ವರ್ ಅಫೆಂಡೆಡ್’ ಅನ್ನುವುದು ಇನ್ನೂ ಕೆಟ್ಟದ್ದು. ಅದು ‘ನಿಮಗೆ ಬೇಜಾರಾಗಿದ್ದರೆ ಅದು ನಿಮ್ಮ ಸಮಸ್ಯೆ’ ಅಂದ ಹಾಗೆ ಕೇಳುತ್ತದೆ. ಆ ‘ಇಫ್’ ಬಿಟ್ಟುಬಿಡಿ.

ಮೊದಲೇ ಗೊತ್ತಿದ್ದು ಕೆಟ್ಟ ಪದ ಆಡಬೇಕಾದ ಸಂದರ್ಭವೂ ನಿಮ್ಮ ಕೆಲಸದಲ್ಲಿ ಬರುತ್ತದೆ. ರೋಗಿಯೊಬ್ಬರು ರಾತ್ರಿ ಏನೋ ಬೈದಿದ್ದಾರೆ, ಬೆಳಿಗ್ಗೆ ಡ್ಯೂಟಿ ಬದಲಾಗುವಾಗ ಅದನ್ನು ಹೇಳಬೇಕು. ಆಗ ಪದಕ್ಕೆ ಮುಂಚೆ ‘ಎಕ್ಸ್‌ಕ್ಯೂಸ್ ಮೈ ಲ್ಯಾಂಗ್ವೇಜ್’ ಅಂತ ಸೇರಿಸಿ ಹೇಳಿ. ನಾವು ‘ತಪ್ಪು ತಿಳ್ಕೋಬೇಡಿ, ಅವರು ಹೇಳಿದ ಹಾಗೇ ಹೇಳ್ತಿದ್ದೀನಿ’ ಅನ್ನುತ್ತೇವಲ್ಲ, ಹಾಗೆ. ಬರೆದಿಡುವಾಗ ಕ್ಷಮೆ ಬೇಡ. ಅವರು ಆಡಿದ್ದನ್ನು ಹಾಗೇ, ಉದ್ಧರಣ ಚಿಹ್ನೆಯೊಳಗೆ ಬರೆಯುವುದು ರೂಢಿ.

ನೋವಿನಲ್ಲಿ ಬಂದ ಮಾತಿಗೆ ಜನ ಬೇಗ ಕ್ಷಮಿಸುತ್ತಾರೆ, ಇದು ನಿಮಗೆ ಸಮಾಧಾನ ಕೊಡಲಿ. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ರಿಚರ್ಡ್ ಸ್ಟೀಫನ್ಸ್ ಮತ್ತು ಜೊತೆಯವರು 2009ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಮಂಜಿನಂತೆ ತಣ್ಣಗಿರುವ ನೀರಿನಲ್ಲಿ ಕೈ ಮುಳುಗಿಸಿದ ಜನ, ಕೆಟ್ಟ ಪದ ಹೇಳುತ್ತಾ ಇದ್ದಾಗ ಜಾಸ್ತಿ ಹೊತ್ತು ತಡೆದುಕೊಂಡರು. ಬೇರೆ ಮಾಮೂಲಿ ಪದ ಹೇಳಿದಾಗ ಅಷ್ಟು ಹೊತ್ತು ಆಗಲಿಲ್ಲ. ದಿನಾ ಬೈಯುವವರಿಗೆ ಈ ಲಾಭ ಕಮ್ಮಿ ಅಂತಲೂ ಆಮೇಲೆ ಗೊತ್ತಾಯಿತು. ಟ್ರಾಲಿ ಕಾಲಿನ ಮೇಲೆ ಹತ್ತಿದವರ ಬಾಯಿಂದ ಏನೋ ಬಂತು ಅಂತ ಯಾರೂ ನಿಮ್ಮನ್ನು ಕೆಟ್ಟವಳು ಅಂದುಕೊಂಡಿಲ್ಲ.

ಆದರೂ ಆ ಅಜ್ಜಿ ಇನ್ನೂ ವಾರ್ಡಿನಲ್ಲಿದ್ದರೆ ಹೋಗಿ ಮಾತಾಡಿ. ನಿಮ್ಮ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ಹೇಳುವ ನಿಯಮಗಳಲ್ಲಿ ಮೊಟ್ಟಮೊದಲನೆಯದೇ ಜನರನ್ನು ದಯೆಯಿಂದ, ಗೌರವದಿಂದ ನೋಡಿಕೊಳ್ಳಿ ಅನ್ನುವುದು. ಟೀ ಕೊಡುವಾಗ ಅಥವಾ ದಿಂಬು ಸರಿ ಮಾಡುವಾಗ, ಬೇರೆಯವರಿಗೆ ಕೇಳದ ಹಾಗೆ, ಮೆಲ್ಲಗೆ ಹೇಳಿ: ‘ಐ ಆಮ್ ಸಾರಿ ಅಬೌಟ್ ಮೈ ಲ್ಯಾಂಗ್ವೇಜ್ ದಿ ಅದರ್ ಡೇ. ಐ ಶುಡಂಟ್ ಹ್ಯಾವ್ ಸೆಡ್ ದಟ್.’ ಅಷ್ಟೇ. ಗಲ್ಲ ಬಡಿದುಕೊಳ್ಳುವುದು, ಕಾಲು ಮುಟ್ಟಲು ಬಗ್ಗುವುದು ಅವರಿಗೆ ಅರ್ಥವಾಗುವುದಿಲ್ಲ, ಗಾಬರಿಯಾಗುತ್ತಾರೆ. ಎದೆಯ ಮೇಲೆ ಒಂದು ಕ್ಷಣ ಕೈ ಇಟ್ಟುಕೊಂಡರೆ ಅರ್ಥವಾಗುತ್ತದೆ. ಅವರು ‘ದಟ್ಸ್ ಆಲ್ರೈಟ್, ಮಿ ಡಕ್’ ಅನ್ನಬಹುದು. ನೀವಿರುವ ಲೆಸ್ಟರ್ ಕಡೆ ‘ಮಿ ಡಕ್’ ಅಂದರೆ ‘ಕಂದಾ’, ‘ಪುಟ್ಟಾ’ ಅಂದ ಹಾಗೆ. ಬಾತುಕೋಳಿ ಅಂದರು ಅಂತ ಬೇಸರ ಮಾಡಿಕೊಳ್ಳಬೇಡಿ.

ಇನ್ನು ನಿಮ್ಮನ್ನು ಬೈದವನ ವಿಷಯ. ಇಲ್ಲ, ನೀವು ಜಾಸ್ತಿ ಯೋಚನೆ ಮಾಡುತ್ತಿಲ್ಲ. ಟ್ರಾಲಿ ನೋಡಿ ಬೈಯುವುದು ಬೇರೆ, ಮನುಷ್ಯರನ್ನು ನೋಡಿ ಬೈಯುವುದು ಬೇರೆ. ನಿಮ್ಮ ಬಾಯಿಂದ ಬಂದದ್ದು ನೋವಿನ ಕೂಗು, ಅದು ಯಾರ ಕಡೆಗೂ ಹೋಗಲಿಲ್ಲ. ಕಿವಿಗೆ ಬಿದ್ದವರಿಗೆ ಮುಜುಗರವಾಯಿತು, ಅಷ್ಟಕ್ಕೆ ಸಣ್ಣ ಸಾರಿ ಸಾಕು. ಅವನು ಆಡಿದ್ದು ನಿಮ್ಮ ಕಡೆಗೇ ಬಂತು. ಎಫ್ ಪದ ತೆಗೆದುಹಾಕಿದರೂ ‘ದಡ್ಡಿ’ ಅನ್ನುವುದು ಉಳಿಯುತ್ತದೆ ನೋಡಿ. ‘ಪಾರ್ಡನ್ ಮೈ ಫ್ರೆಂಚ್’ ಅಂತ ಅವನು ಕ್ಷಮೆ ಕೇಳಿದ್ದು ಆ ಎಫ್ ಪದಕ್ಕೆ ಮಾತ್ರ. ದಡ್ಡಿ ಅಂದದ್ದಕ್ಕೆ ಯಾರೂ ಕ್ಷಮೆ ಕೇಳಿಲ್ಲ. ನಿಮ್ಮನ್ನು ಚುಚ್ಚುತ್ತಿರುವುದು ಅದೇ. ಆಟಕ್ಕೆ ಕರೆಯುವ ಆ ಮಾತನ್ನು, ಆಟಕ್ಕೆ ಬರಲು ಒಪ್ಪದವರ ಮೇಲೆ ಎಲ್ಲರ ಮುಂದೆ ಹೇರಿದ. ನೀವು ನಗದೇ ಇದ್ದರೆ ನಿಮಗೇ ತಮಾಷೆ ಅರ್ಥವಾಗುವುದಿಲ್ಲ ಅನ್ನುತ್ತಿದ್ದರು. ನೀವು ನಕ್ಕಿದ್ದಕ್ಕೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ.

ಅವನಿಗೆ ಹೇಳಲೇಬೇಕು ಅಂತ ನನ್ನ ಅಭಿಪ್ರಾಯ. ಜಗಳಕ್ಕಲ್ಲ, ನೀವು ಅಲ್ಲಿ ಇನ್ನೂ ವರ್ಷಗಟ್ಟಲೆ ಕೆಲಸ ಮಾಡಬೇಕು ಅದಕ್ಕೆ. ಅವನು ಒಬ್ಬನೇ ಇದ್ದಾಗ, ಕೆಲಸ ಕಮ್ಮಿ ಇದ್ದ ಹೊತ್ತಿನಲ್ಲಿ, ಸ್ವರ ಏರಿಸದೆ: ‘ಐ ಡಿಡಂಟ್ ಲೈಕ್ ವಾಟ್ ಯು ಕಾಲ್ಡ್ ಮಿ. ಪ್ಲೀಸ್ ಡೋಂಟ್ ಸ್ಪೀಕ್ ಟು ಮಿ ಲೈಕ್ ದಟ್.’ ಮುಂಚೆ ‘ಸಾರಿ’ ಸೇರಿಸಬೇಡಿ. ನಮ್ಮವರಿಗೆ ‘ಸಾರಿ, ಒಂದು ಮಾತು ಹೇಳ್ಬೇಕಿತ್ತು’ ಅಂತಲೇ ಶುರು ಮಾಡುವ ರೂಢಿ. ಇಲ್ಲಿ ಸಾರಿ ಹೇಳಬೇಕಾದವರು ನೀವಲ್ಲ. ಹೇಳುವ ಮೊದಲು ಕನ್ನಡಿ ಮುಂದೆ ನಾಲ್ಕು ಸಲ ಅಭ್ಯಾಸ ಮಾಡಿ. ಎರಡೇ ವಾಕ್ಯ, ಆಗುತ್ತದೆ. ಆಮೇಲೂ ಮುಂದುವರಿದರೆ ದಿನ, ಹೊತ್ತು, ಆಡಿದ ಮಾತು ಬರೆದಿಟ್ಟುಕೊಂಡು ವಾರ್ಡ್ ಮ್ಯಾನೇಜರ್ ಹತ್ತಿರ ಹೋಗಿ. ರಾಯಲ್ ಕಾಲೇಜ್ ಆಫ್ ನರ್ಸಿಂಗ್, ಯೂನಿಸನ್ ಇಂಥ ಸಂಘಗಳಲ್ಲಿ ನೀವು ಸದಸ್ಯರಾಗಿದ್ದರೆ ಅವರನ್ನೂ ಕೇಳಬಹುದು.

ಅವನು ನಿಜವಾದ ಮನಸ್ಸಿನಿಂದ ಸಾರಿ ಕೇಳಿದರೆ ಹೇಗೆ ಗೊತ್ತಾಗುತ್ತದೆ? ಅದರಲ್ಲಿ ಫ್ರೆಂಚ್ ಇರುವುದಿಲ್ಲ, ನಗು ಇರುವುದಿಲ್ಲ. ‘ಐ ಆಮ್ ಸಾರಿ. ದಟ್ ವಾಸ್ ಔಟ್ ಆಫ್ ಆರ್ಡರ್’ ಅಂತ ಏನೋ ಇರುತ್ತದೆ. ಅತಿಯಾಯಿತು, ಹಾಗೆ ಆಡಬಾರದಿತ್ತು ಅಂತ ಅದರ ಅರ್ಥ. ‘ಸಾರಿ’ ಅನ್ನುವುದರ ಹಳೆಯ ಅರ್ಥ ಹೇಳಿದೆನಲ್ಲ, ನಿಮ್ಮ ನೋವು ಅವನಿಗೂ ಒಂದಿಷ್ಟು ತಾಗಿದೆಯೋ ಇಲ್ಲವೋ ಮುಖದಲ್ಲಿ ಕಾಣುತ್ತದೆ. ಆಗ ನೀವು ಗಡಿಬಿಡಿಯಲ್ಲಿ ‘ನೋ ನೋ, ಇಟ್ಸ್ ಓಕೆ’ ಅಂದುಬಿಡಬೇಡಿ. ಅದು ಓಕೆ ಆಗಿರಲಿಲ್ಲ. ‘ಥ್ಯಾಂಕ್ಸ್ ಫಾರ್ ಸೇಯಿಂಗ್ ದಟ್’ ಅನ್ನಿ. ಅವನ ಕ್ಷಮೆಯನ್ನು ತೆಗೆದುಕೊಂಡ ಹಾಗೂ ಆಯಿತು, ಮಾತು ತಪ್ಪಾಗಿತ್ತು ಅಂತ ಉಳಿಸಿಕೊಂಡ ಹಾಗೂ ಆಯಿತು. ಅಜ್ಜಿ ಏನಂದರು ಅಂತ ಬಿಡುವಾದಾಗ ನನಗೊಂದು ಸಾಲು ಬರೆಯಿರಿ.